ವರದಿಯಲ್ಲಿರುವ ವಿಷ, ಬೇರಿಗೆ ಸಿಗುವ ವಿಷ: ಗದಗ ಸೀಮೆಯ ಒಂದು ಮೆಣಸಿನಕಾಯಿ ಹೊಲದ ಪ್ರಕರಣ

ಗದಗ ಜಿಲ್ಲೆಯ ಲಕ್ಷ್ಮೇಶ್ವರ ಭಾಗದಲ್ಲಿ ನಾಲ್ಕು ಎಕರೆ ಎರೆ (ಕಪ್ಪು ಮಣ್ಣಿನ) ಹೊಲ. ಬೆಳೆ ಬ್ಯಾಡಗಿ ಮೆಣಸಿನಕಾಯಿ, ಕಡ್ಡಿ ತಳಿ. ಮನೆಯವರು ಕೆಲವು ವರ್ಷಗಳ ಹಿಂದೆ ಬೆಳೆಗೆ ಕೀಟನಾಶಕದ ಎಣ್ಣೆ ಹೊಡೆಯುವುದನ್ನು ಬಿಟ್ಟು ಸಾವಯವಕ್ಕೆ ಹೊರಳಿದ್ದರು. ಒಳ್ಳೆಯ ದರ ಕೊಡುತ್ತೇನೆಂದು ಬಂದ ವ್ಯಾಪಾರಿಯೊಬ್ಬರು ಒಣ ಕಾಯಿಯ ಮಾದರಿ ಒಯ್ದು ಪರೀಕ್ಷೆ ಮಾಡಿಸಿದರು. ಅದರಲ್ಲಿ ಡಿಡಿಇ ಸಿಕ್ಕಿದೆ ಎಂದು ಹೇಳಿ ಮಾಲು ಬೇಡವೆಂದರು. ಡಿಡಿಟಿ ಎಂಬ ಹಳೆಯ ಕೀಟನಾಶಕ ಮಣ್ಣಿನಲ್ಲಿ ಮುರಿದಾಗ ಉಳಿಯುವ ವಸ್ತುವೇ ಡಿಡಿಇ. ಈ ಮನೆಯ ಯಾರೂ ಡಿಡಿಟಿಯ ಪೊಟ್ಟಣವನ್ನು ಮುಟ್ಟಿ ದಶಕಗಳೇ ಆಗಿದ್ದವು.

ಗಾಬರಿಯಲ್ಲಿ ಮಣ್ಣನ್ನೂ ಪರೀಕ್ಷೆಗೆ ಕಳಿಸಿದರು. ಅಲ್ಲೂ ಅದೇ ಹೆಸರು ಬಂತು. ಹಿರಿಯ ಮಗ ಆಗಲೇ ಜೆಸಿಬಿ ಮಾಲೀಕನೊಡನೆ ಮಾತಾಡಿದ್ದ. ಮೇಲಿನ ಒಂದು ಅಡಿ ಮಣ್ಣು ಕೆರೆಸಿ ತೆಗೆಸುವುದು, ಆ ಜಾಗಕ್ಕೆ ಕೆರೆಯ ಹೂಳು ತುಂಬಿಸುವುದು ಅವನ ಯೋಜನೆ. ಈ ಹಂತದಲ್ಲಿ ಎರಡೂ ವರದಿಗಳು ನನ್ನ ಕೈಗೆ ಬಂದವು.

ಊರಿನ ಹೆಸರನ್ನಾಗಲಿ ವರದಿಯ ಅಂಕಿಗಳನ್ನಾಗಲಿ ಇಲ್ಲಿ ಬರೆಯುತ್ತಿಲ್ಲ. ಯಜಮಾನರು ಹಾಗೆ ಕೇಳಿಕೊಂಡಿದ್ದಾರೆ. "ಹೊಲಕ್ಕೆ ವಿಷದ ಹೆಸರು ಬಿದ್ದರೆ ನಾಳೆ ಲಾವಣಿಗೂ (ಗೇಣಿಗೂ) ಯಾರೂ ಬರುವುದಿಲ್ಲ, ಸರ್" ಎಂದರು. ಮಾತು ನ್ಯಾಯವಾದದ್ದೇ. ಅಂಕಿ ಇಲ್ಲದಿದ್ದರೂ ಈ ಪ್ರಕರಣದ ಗಂಟನ್ನು ಬಿಡಿಸಿ ಹೇಳಬಹುದು, ಏಕೆಂದರೆ ಗಂಟು ಇದ್ದದ್ದು ಅಂಕಿಯಲ್ಲಿ ಅಲ್ಲ, ಅದನ್ನು ಓದಿದ ರೀತಿಯಲ್ಲಿ.

ಪುಡಿ ಎರಚಿದ ಕಾಲ

ಮೊದಲು ಬೇಕಾದದ್ದು ಹೊಲದ ಹಿಂದಿನ ಕಥೆ. ಅದನ್ನು ಹೇಳಬಲ್ಲವರು ಮನೆಯಲ್ಲಿ ಒಬ್ಬರೇ ಇದ್ದರು, ಜೆಸಿಬಿ ಕರೆಸಲು ಹೊರಟಿದ್ದ ಹುಡುಗನ ದೊಡ್ಡಪ್ಪ. ಅವರ ನೆನಪಿನಲ್ಲಿ ಈ ಹೊಲ ಹತ್ತಿಯ ಹೊಲ. ಮೊದಲು ಜಯಧರ ಬಿತ್ತುತ್ತಿದ್ದರು. ಅದು ದೇಶಿ ಹತ್ತಿ, ಹುಳಕ್ಕೆ ಅಷ್ಟು ಸುಲಭವಾಗಿ ಬಗ್ಗುವುದಲ್ಲ. 1972ರಲ್ಲಿ ಧಾರವಾಡದಿಂದ ವರಲಕ್ಷ್ಮಿ ಹೈಬ್ರಿಡ್ ಬಂತು, 1981ರಲ್ಲಿ ಡಿಸಿಎಚ್-32, ಅಂದರೆ ಜಯಲಕ್ಷ್ಮಿ. ಉದ್ದ ಎಳೆ, ಕೈತುಂಬ ಹಣ. ಬೆನ್ನಿಗೇ ಕಾಯಿಕೊರಕ, ಅದರ ಬೆನ್ನಿಗೆ ಪುಡಿ. ಬಿಎಚ್‌ಸಿ ಎಂಬ ಕೀಟನಾಶಕ ಪುಡಿಯನ್ನು ತೆಳ್ಳನೆಯ ಬಟ್ಟೆಯ ಚೀಲದಲ್ಲಿ ತುಂಬಿ, ಕೋಲಿಗೆ ಕಟ್ಟಿ, ಇಬ್ಬನಿ ಆರುವ ಮೊದಲು ಸಾಲುಗಳ ಮೇಲೆ ಕೊಡವುತ್ತ ಹೋಗುತ್ತಿದ್ದರಂತೆ. ಡಿಡಿಟಿಯನ್ನೂ ಹಾಗೆಯೇ. ಆಮೇಲೆ ಪಂಪು ಬಂತು, ಎಂಡೋಸಲ್ಫಾನ್ ಬಂತು.

ಭಾರತದಲ್ಲಿ ಡಿಡಿಟಿಯನ್ನು ಬೇಸಾಯಕ್ಕೆ ಬಳಸದಂತೆ ತಡೆದದ್ದು 1989ರಲ್ಲಿ. ಸೊಳ್ಳೆಯಂಥ ರೋಗ ಹರಡುವ ಕೀಟಗಳ ನಿಯಂತ್ರಣಕ್ಕೆ ಮಾತ್ರ ಉಳಿಸಿಕೊಂಡರು. ಬಿಎಚ್‌ಸಿ ನಿಂತದ್ದು 1997ರಲ್ಲಿ. ಎಂಡೋಸಲ್ಫಾನ್‌ಗೆ ಸುಪ್ರೀಂ ಕೋರ್ಟ್ ತಡೆ ಹಾಕಿದ್ದು 2011ರ ಮೇ ತಿಂಗಳಲ್ಲಿ. ಹಾಗಾಗಿ ಈ ಹೊಲದ ಡಿಡಿಟಿಗೆ ಕಡಿಮೆಯೆಂದರೂ ಮೂವತ್ತು ವರ್ಷ ದಾಟಿದೆ.

ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಶೇಕಡಾ 10ರ ಪುಡಿಯನ್ನು ಎಕರೆಗೆ 10 ಕಿಲೋ ಎರಚಿದರೆ ಅದರಲ್ಲಿ ಅಸಲು ವಿಷ ಒಂದು ಕಿಲೋ. ಒಂದು ಎಕರೆಯ ಮೇಲಿನ 15 ಸೆಂಟಿಮೀಟರ್ ಮಣ್ಣು ಸುಮಾರು 800 ಟನ್ ತೂಗುತ್ತದೆ. ಎರಚಿದ್ದೆಲ್ಲ ಅದರಲ್ಲಿ ಸಮನಾಗಿ ಬೆರೆತರೆ ಕಿಲೋ ಮಣ್ಣಿಗೆ ಸುಮಾರು 1.25 ಮಿಲಿಗ್ರಾಂ ಆಗುತ್ತದೆ. ಒಂದು ಸಲ ಪುಡಿ ಹೊಡೆದದ್ದಕ್ಕೆ ಇಷ್ಟು. ಒಂದು ಹಂಗಾಮಿಗೆ ಎಷ್ಟೋ ಸಲ ಹೊಡೆದಿದ್ದಾರೆ, ಅಂಥ ಹಂಗಾಮುಗಳು ಎಷ್ಟೋ ಕಳೆದಿವೆ. ಕೆನಡಾದವರು ಬೇಸಾಯದ ಮಣ್ಣಿಗೆ ಇಟ್ಟುಕೊಂಡಿರುವ ಮಾರ್ಗಸೂಚಿ ಒಟ್ಟು ಡಿಡಿಟಿಗೆ ಕಿಲೋಗೆ 0.7 ಮಿಲಿಗ್ರಾಂ. ಹತ್ತಿ ಬೆಳೆದ ನಮ್ಮ ಹಳೆಯ ಎರೆ ಹೊಲಗಳಲ್ಲಿ ಡಿಡಿಟಿಯ ಜಾಡು ಸಿಕ್ಕರೆ ಆಶ್ಚರ್ಯಪಡಬೇಕಾಗಿಲ್ಲ. ಸಿಗದಿದ್ದರೆ ಪ್ರಯೋಗಾಲಯದ ಮೇಲೆ ಅನುಮಾನಪಡಬಹುದು.

ವರದಿಯಲ್ಲಿ ನಾನು ಮೊದಲು ನೋಡಿದ್ದು ಮೊತ್ತವನ್ನಲ್ಲ, ಪಾಲುಗಳನ್ನು. ಡಿಡಿಇ ಹೆಚ್ಚು, ಮೂಲ ಡಿಡಿಟಿ ಕಡಿಮೆ. ಗಾಳಿಯಾಡುವ ಮಣ್ಣಿನಲ್ಲಿ ಡಿಡಿಟಿ ನಿಧಾನವಾಗಿ ಡಿಡಿಇ ಆಗುತ್ತದೆ. ನೀರು ನಿಂತು ಉಸಿರು ಕಟ್ಟಿದ ಮಣ್ಣಿನಲ್ಲಿ ಡಿಡಿಡಿ ಎಂಬ ಇನ್ನೊಂದು ವಸ್ತು ಆಗುತ್ತದೆ. ಡಿಡಿಇ ಮೇಲುಗೈಯಾಗಿದ್ದರೆ ಸರಕು ಹಳೆಯದು. ಎರಡನೆಯದಾಗಿ, ಆರ್ಥೊ-ಪ್ಯಾರಾ ರೂಪದ ಡಿಡಿಟಿ (ಅವೇ ಪರಮಾಣುಗಳು, ಜೋಡಣೆ ಮಾತ್ರ ಬೇರೆ) ಎಷ್ಟಿದೆ ಎಂದು ನೋಡಿದೆ. ಮೆಣಸಿನಕಾಯಿ ಬೆಳೆಯುವ ಕಡೆ ಈ ಪ್ರಶ್ನೆಯನ್ನು ಬಿಡಬಾರದು. ಎಲೆ ಮುರುಟು ರೋಗ ತರುವ ನುಸಿಗೆ ಹಿಂದೆ ಡೈಕೋಫಾಲ್ ಹೊಡೆಯುತ್ತಿದ್ದರು. ಅದನ್ನು ತಯಾರಿಸುತ್ತಿದ್ದದ್ದೇ ಡಿಡಿಟಿಯಿಂದ, ಹಾಗಾಗಿ ಅದರಲ್ಲಿ ಡಿಡಿಟಿಯ ಕಲ್ಮಶ ಇರುತ್ತಿತ್ತು, ಅದೂ ಆರ್ಥೊ-ಪ್ಯಾರಾ ರೂಪದ್ದು ಹೆಚ್ಚು. ಈ ಮಣ್ಣಿನಲ್ಲಿ ಆ ರೂಪ ಅತ್ಯಲ್ಪ. ಅಂದರೆ ಇದು ಮೆಣಸಿನಕಾಯಿ ಕಾಲದ ಉಳಿಕೆಯಲ್ಲ, ಹತ್ತಿಯ ಕಾಲದ್ದು. ದೊಡ್ಡಪ್ಪನ ನೆನಪೂ ವರದಿಯೂ ಒಂದೇ ಮಾತು ಹೇಳಿದವು.

ಪ್ರಯೋಗಾಲಯ ತೆಗೆಯುವುದೇ ಬೇರೆ, ಬೇರು ತೆಗೆಯುವುದೇ ಬೇರೆ

ಪ್ರಯೋಗಾಲಯದವರು ಮಣ್ಣನ್ನು ಒಣಗಿಸಿ, ಕುಟ್ಟಿ, ಜರಡಿ ಹಿಡಿದು, ಹೆಕ್ಸೇನ್, ಅಸಿಟೋನ್‌ಗಳಂಥ ದ್ರಾವಕಗಳಲ್ಲಿ ಹಾಕಿ ಒಳಗಿದ್ದದ್ದನ್ನೆಲ್ಲ ಹಿಂಡುತ್ತಾರೆ. ಅವರ ಕೆಲಸವೇ ಅದು: ಎಷ್ಟಿದೆ ಎಂದು ಹೇಳುವುದು. ಆದರೆ ಮೆಣಸಿನ ಗಿಡ ಹೆಕ್ಸೇನ್ ಕುಡಿಯುವುದಿಲ್ಲ. ಬೇರಿಗೆ ಸಿಗುವುದು ಮಣ್ಣಿನ ನೀರಿನಲ್ಲಿ ಕರಗಿ ಬಂದದ್ದು ಮಾತ್ರ. ಡಿಡಿಟಿ ನೀರಿನಲ್ಲಿ ಕರಗುವುದೋ, ಲೀಟರಿಗೆ ಮೈಕ್ರೋಗ್ರಾಂಗಳ ಲೆಕ್ಕದಲ್ಲಿ. ಅಷ್ಟನ್ನೂ ಕರಗಲು ಮಣ್ಣು ಬಿಡಬೇಕಲ್ಲ.

ನಮ್ಮ ಕಡೆಯವರಿಗೆ ಇದನ್ನು ಹಗೇವಿನ (ನೆಲದೊಳಗಿನ ಕಣಜದ) ಜೋಳದ ಲೆಕ್ಕದಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. ಹಗೇವಿನಲ್ಲಿ ಇಳಿಸಿ ಬಾಯಿ ಮುಚ್ಚಿದ ಜೋಳ ಮನೆಯ ಲೆಕ್ಕದಲ್ಲಿ ಇರುತ್ತದೆ. ಇಂದಿನ ರೊಟ್ಟಿಯ ಹಿಟ್ಟಿನಲ್ಲಿ ಇರುವುದಿಲ್ಲ. ವರದಿ ಎಣಿಸಿದ್ದು ಹಗೇವನ್ನೂ ಸೇರಿಸಿ. ಗಿಡ, ಎರೆಹುಳು, ಮಣ್ಣಿನ ಸೂಕ್ಷ್ಮಜೀವಿಗಳು ಉಣ್ಣುವುದು ಹೊರಗಿರುವ ಹಿಟ್ಟನ್ನು. ಹೀಗೆ ಜೀವಿಗಳ ಕೈಗೆ ಎಟಕುವ ಪಾಲನ್ನು ಜೈವಿಕ ಲಭ್ಯತೆ ಎನ್ನುತ್ತಾರೆ, ವರ್ಷ ಕಳೆದಂತೆ ಅದು ಇಳಿಯುತ್ತ ಹೋಗುವುದನ್ನು ಶೇಷದ ಮಾಗುವಿಕೆ ಎನ್ನುತ್ತಾರೆ.

ಇಳಿಯುವುದು ಹೇಗೆ? ಹೊಸದಾಗಿ ಬಿದ್ದ ವಿಷದ ಅಣುಗಳು ಮೊದಲು ಮಣ್ಣಿನ ಕಣಗಳ ಹೊರಮೈಗೆ ಅಂಟಿಕೊಂಡಿರುತ್ತವೆ. ಆಗ ಅವು ಬೇಗ ಬಿಡುತ್ತವೆ, ಬೇಗ ಆವಿಯಾಗುತ್ತವೆ, ಸೂಕ್ಷ್ಮಜೀವಿಗಳ ಬಾಯಿಗೂ ಸುಲಭವಾಗಿ ಸಿಗುತ್ತವೆ. ಮೊದಲ ತಿಂಗಳುಗಳಲ್ಲಿ ಮೊತ್ತ ಭರದಿಂದ ಇಳಿಯುವುದು ಇದೇ ಕಾರಣಕ್ಕೆ. ಆಮೇಲೆ ಉಳಿದ ಅಣುಗಳು ಒಳಕ್ಕೆ ಸರಿಯತೊಡಗುತ್ತವೆ. ಕೊಳೆತ ಸಾವಯವ ಪದಾರ್ಥದಲ್ಲಿ ಮೆತ್ತನೆಯ ಭಾಗವೂ ಇದೆ, ಗಾಜಿನಂತೆ ಬಿಗಿಯಾದ ಭಾಗವೂ ಇದೆ. ಮೆತ್ತನೆಯದರಲ್ಲಿ ಸೇರಿದ್ದು ಹೊರಬರಬಹುದು; ಬಿಗಿಯಾದದ್ದರಲ್ಲಿ ಸೇರಿದ್ದು ಹೊರಬರಲು ವರ್ಷಗಟ್ಟಲೆ ಹಿಡಿಯುತ್ತದೆ. ಕಣಗಳ ಒಳಗಿನ ರಂಧ್ರಗಳು ನ್ಯಾನೊಮೀಟರ್ ಅಳತೆಯವು. ಬ್ಯಾಕ್ಟೀರಿಯಾ ಎಷ್ಟೇ ಸಣ್ಣದಿದ್ದರೂ ಅದರ ಮೈ ಸಾವಿರ ನ್ಯಾನೊಮೀಟರ್ ಆಸುಪಾಸಿನದು. ಅಣು ಹೊಕ್ಕ ಸಂದಿಗೆ ಅದು ಹೋಗಲಾರದು. ಅಲ್ಲಿ ವಿಷ ಜೀವಿಗಳನ್ನು ಕೊಲ್ಲುವುದಿಲ್ಲ, ಜೀವಿಗಳೂ ವಿಷವನ್ನು ಮುರಿಯುವುದಿಲ್ಲ. ಹತ್ತಿಯ ಕಟ್ಟಿಗೆಯನ್ನು ಹೊಲದಲ್ಲೇ ಸುಟ್ಟ ಇದ್ದಿಲ ಚೂರುಗಳು ಮಣ್ಣಿನಲ್ಲಿದ್ದರೆ ಅವು ಇನ್ನೂ ಗಟ್ಟಿಯಾಗಿ ಹಿಡಿಯುತ್ತವೆ.

ಇದು ಬರಿಯ ಊಹೆಯಲ್ಲ. ಅಮೆರಿಕದ ಕನೆಕ್ಟಿಕಟ್ ರಾಜ್ಯದ ತಂಬಾಕಿನ ಹೊಲಗಳಲ್ಲಿ ಇಡಿಬಿ ಎಂಬ ಧೂಮಕವನ್ನು (ಆವಿಯಾಗಿ ಹುಳ ಕೊಲ್ಲುವ ವಿಷವನ್ನು) ಬೇರಿಗೆ ಬೀಳುವ ಜಂತುಹುಳುಗಳಿಗಾಗಿ ಮಣ್ಣಿಗೆ ಹಾಕುತ್ತಿದ್ದರು. ಗಾಳಿಗೂ ಹೋಗುವ, ನೀರಿಗೂ ಹೋಗುವ, ಸೂಕ್ಷ್ಮಜೀವಿಗಳೂ ತಿನ್ನುವ ವಸ್ತು ಅದು. ಒಂದೆರಡು ಹಂಗಾಮಿನಲ್ಲಿ ಕಾಣೆಯಾಗಬೇಕಿತ್ತು. ಸ್ಟೈನ್‌ಬರ್ಗ್, ಪಿಗ್ನಟೆಲ್ಲೊ ಮತ್ತು ಸಾಹ್ನಿ 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೊನೆಯ ಸಲ ಹಾಕಿ 19 ವರ್ಷವಾದ ಮಣ್ಣಿನಲ್ಲೂ ಅದು ಸಿಕ್ಕಿತು. ಅದೇ ಮಣ್ಣಿಗೆ ಹೊಸ ಇಡಿಬಿ ಬೆರೆಸಿದಾಗ ಸೂಕ್ಷ್ಮಜೀವಿಗಳು ಅದನ್ನು ಮುರಿದುಹಾಕಿದವು; ಹಳೆಯದನ್ನು ಮಾತ್ರ ಮುಟ್ಟಲಿಲ್ಲ. ಮಣ್ಣನ್ನು ಯಂತ್ರದಲ್ಲಿ ನುಣ್ಣಗೆ ಅರೆದಾಗ ಅಡಗಿದ್ದದ್ದು ಹೊರಬಂತು. ಒಂದೇ ವಸ್ತು, ಒಂದೇ ಮಣ್ಣು. ಬೇರೆ ಇದ್ದದ್ದು ಒಳಗೆ ಕಳೆದ ಕಾಲ ಮಾತ್ರ.

ಡಿಡಿಟಿಯ ಮೇಲೂ ನೇರ ಕೆಲಸ ಆಗಿದೆ. ಕಾರ್ನೆಲ್ ವಿಶ್ವವಿದ್ಯಾಲಯದ ಮಾರ್ಟಿನ್ ಅಲೆಕ್ಸಾಂಡರ್ ಮತ್ತು ಅವರ ಜೊತೆಗಾರರು 1998ರಲ್ಲಿ ತೋರಿಸಿದ್ದು ಇದು: ಮಣ್ಣಿನಲ್ಲಿ ಡಿಡಿಟಿ ಮತ್ತು ಡೀಲ್ಡ್ರಿನ್ ಎಂಬ ಇನ್ನೊಂದು ಕೀಟನಾಶಕ ಬಹುಪಾಲು ಹಾಗೆಯೇ ಉಳಿದಿದ್ದರೂ, ಅದೇ ಮಣ್ಣು ನೊಣ, ಜಿರಳೆಗಳನ್ನು ಕೊಲ್ಲುವ ಶಕ್ತಿ ಮಾತ್ರ ದಿನ ಕಳೆದಂತೆ ಕುಗ್ಗಿತು. ಸುಮಾರು ಅರ್ಧ ಶತಮಾನದ ಹಿಂದೆ ಡಿಡಿಟಿ ಹಾಕಿದ್ದ ಮಣ್ಣಿನಲ್ಲಿ ಎರೆಹುಳುಗಳನ್ನು ಬಿಟ್ಟು ನೋಡಿದಾಗಲೂ, ಹೊಸದಾಗಿ ಬೆರೆಸಿದ ಮಣ್ಣಿಗಿಂತ ಅವುಗಳ ಮೈಗೆ ಸೇರಿದ ಪಾಲು ಕಡಿಮೆಯಿತ್ತು. ಕಡಿಮೆಯಿತ್ತು, ಸೊನ್ನೆಯಾಗಿರಲಿಲ್ಲ. ಈ ಎರಡನೆಯ ಮಾತನ್ನು ಮರೆಯುವವರೇ ಹೆಚ್ಚು.

ಎರೆ ಭೂಮಿಗೆ ಅದರದೇ ಸ್ವಭಾವವಿದೆ. ಜಿಗುಟು ಮಣ್ಣಿನ ಪಾಲು ಹೆಚ್ಚು, ಸಾವಯವ ಇಂಗಾಲ ಕಡಿಮೆ. ಡಿಡಿಟಿಯಂಥ ವಸ್ತುವನ್ನು ಹಿಡಿಯುವುದರಲ್ಲಿ ಮುಂದಿರುವುದು ಸಾವಯವ ಇಂಗಾಲ, ಜಿಗುಟು ಅಷ್ಟಾಗಿ ಅಲ್ಲ. ಹಾಗಾಗಿ ಎರೆ ಮಣ್ಣು ಎಲ್ಲವನ್ನೂ ನುಂಗಿಕೊಳ್ಳುತ್ತದೆ ಎಂದು ಭರವಸೆ ಕೊಡುವುದು ತಪ್ಪಾಗುತ್ತದೆ. ಇನ್ನೊಂದು ಕಡೆ, ವೈಶಾಖದ ಬಿಸಿಲಿಗೆ ಇದು ಕೈ ಇಳಿಯುವಷ್ಟು ಬಿರಿಯುತ್ತದೆ. ಮೇಲಿನ ಪುಡಿಮಣ್ಣು ಬಿರುಕಿನೊಳಗೆ ಉದುರುತ್ತದೆ. ಮಳೆ ಬಿದ್ದರೆ ಉಬ್ಬಿ ಮುಚ್ಚಿಕೊಳ್ಳುತ್ತದೆ. ಹೊಲ ತಾನೇ ತನ್ನನ್ನು ತಿರುವಿಹಾಕಿಕೊಳ್ಳುತ್ತದೆ. ಹೀಗೆ ಹತ್ತಾರು ವರ್ಷ ತಿರುವಿದ ಹೊಲದಲ್ಲಿ ವಿಷವೆಲ್ಲ ಮೇಲಿನ ಒಂದು ಅಡಿಯಲ್ಲೇ ಕುಳಿತಿರುತ್ತದೆ ಎಂದು ಜೆಸಿಬಿಯವನು ಹೇಗೆ ಹೇಳಿದನೋ.

ಕೆರೆಸುವ ಯೋಜನೆಯನ್ನೂ ಕಾಗದದ ಮೇಲೆ ಬರೆದು ತೋರಿಸಿದೆ. ಒಂದು ಎಕರೆಯಲ್ಲಿ ಒಂದು ಅಡಿ ಮಣ್ಣೆಂದರೆ 1,200 ಘನ ಮೀಟರಿಗೂ ಮೇಲೆ, ತೂಕ 1,500 ಟನ್ನಿಗೂ ಹೆಚ್ಚು. ಹತ್ತು ಟನ್ ಹೊರುವ ಟಿಪ್ಪರ್‌ಗೆ ಎಕರೆಗೆ 150 ಲೋಡು, ನಾಲ್ಕು ಎಕರೆಗೆ 600. ಆ ಮಣ್ಣನ್ನು ಸುರಿಯುವುದು ಎಲ್ಲಿ? ಹಳ್ಳಕ್ಕೋ, ಇನ್ನೊಬ್ಬರ ತಗ್ಗು ಹೊಲಕ್ಕೋ? ಹುಡುಗ ಸುಮ್ಮನಾದ. ದೊಡ್ಡಪ್ಪ ಮಾತ್ರ, "ಮೇಲ್ಮಣ್ಣು ಹೋದ ಮೇಲೆ ಹೊಲ ಎಲ್ಲಿ ಉಳಿಯಿತಪ್ಪಾ, ಬರೀ ನಕಾಶೆ ಉಳಿಯುತ್ತದೆ" ಎಂದರು.

ಹಾಗಾದರೆ ಕಾಯಿಯಲ್ಲಿ ಎಲ್ಲಿಂದ ಬಂತು?

ಪ್ರಕರಣದ ನಿಜವಾದ ತೊಡಕು ಇಲ್ಲಿತ್ತು. ಹಳೆಯ ಡಿಡಿಇ ಮಣ್ಣಿನಲ್ಲಿ ಹುದುಗಿದ್ದರೆ ಕಾಯಿಗೆ ಏರಿದ್ದು ಹೇಗೆ? ಬೇರಿನಿಂದ ಕಾಂಡ, ಕಾಂಡದಿಂದ ಕಾಯಿ ಎಂಬ ದಾರಿ ಡಿಡಿಇಗೆ ಬಹುತೇಕ ಗಿಡಗಳಲ್ಲಿ ಮುಚ್ಚಿದ ದಾರಿ. ಅದು ಬೇರಿನ ಸಿಪ್ಪೆಗೇ ಅಂಟಿ ನಿಲ್ಲುತ್ತದೆ. ಗಜ್ಜರಿಯಂಥ ಗಡ್ಡೆಗಳಲ್ಲಿ ಸಿಪ್ಪೆಯಲ್ಲಿ ಹೆಚ್ಚು, ಒಳಗೆ ಕಡಿಮೆ ಸಿಗುವುದು ಅದಕ್ಕೇ. ಮೆಣಸಿನಕಾಯಿಗೆ ಉಳಿದದ್ದು ಹೊರಗಿನ ದಾರಿ: ದೂಳು ಮತ್ತು ಆವಿ.

ಬ್ಯಾಡಗಿ ಕಡ್ಡಿಯನ್ನು ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಿ. ತೊಟ್ಟಿನಿಂದ ತುದಿಯವರೆಗೆ ಸುಕ್ಕು, ಸುಕ್ಕಿನೊಳಗೆ ಇನ್ನೊಂದು ಸುಕ್ಕು. ಒದ್ದೆ ಮಾಡಿದ ಬಿಳಿ ಅರಿವೆಯಿಂದ ಒರೆಸಿದರೆ ಕಡುಗೆಂಪಿನ ಜೊತೆಗೆ ಬೂದುಗಪ್ಪು ಗೆರೆಯೂ ಅರಿವೆಗೆ ಬರುತ್ತದೆ. ತೊಟ್ಟಿನ ಟೊಪ್ಪಿಯ ಕೆಳಗೆ ಉಗುರು ಹಾಕಿ ಕೆರೆದರೆ ಎರೆ ಮಣ್ಣಿನ ಪುಡಿ ಉದುರುತ್ತದೆ. ಪರೀಕ್ಷೆಗೆ ಕಾಯಿಯನ್ನು ತೊಳೆಯದೆಯೇ ಪುಡಿಮಾಡುತ್ತಾರೆ. ಒಣ ಕಾಯಿಯಲ್ಲಿ ಉಳಿಯುವ ತೇವ ಶೇಕಡಾ ಹತ್ತರ ಆಸುಪಾಸು; ಕಾಯಿಯ ತೂಕ ಇಳಿದಷ್ಟು ಸುಕ್ಕಿನ ದೂಳಿನ ತೂಕ ಇಳಿಯುವುದಿಲ್ಲ.

ಮುಂದಿನ ಕೊಯ್ಲಿಗೆ ಒಂದೇ ಸಾಲುಗಳ ಕಾಯಿಯನ್ನು ಎರಡು ಪಾಲು ಮಾಡಿಸಿದೆವು. ಒಂದು ಪಾಲನ್ನು ಮನೆಯ ಮಾಳಿಗೆಯ ಮೇಲೆ ತೊಳೆದ ತಾಡಪಾಲಿನ ಮೇಲೆ ಒಣಗಿಸಿದರು. ಇನ್ನೊಂದನ್ನು ಎಂದಿನಂತೆ ಹೊಲದ ಕಣದಲ್ಲಿ ನೆಲದ ಮೇಲೆಯೇ ಹರವಿದರು. ಮಾಳಿಗೆಯ ಪಾಲಿನಲ್ಲಿ ಡಿಡಿಇ ಪ್ರಯೋಗಾಲಯದ ಯಂತ್ರಕ್ಕೆ ಸಿಗುವ ಮಟ್ಟಕ್ಕಿಂತ ಕೆಳಗಿತ್ತು. ಕಣದ ಪಾಲಿನಲ್ಲಿ ಮೊದಲಿನಂತೆಯೇ ಇತ್ತು. ಅದರ ಜೊತೆಗೆ ಬಿಎಚ್‌ಸಿಯ ಬೀಟಾ ರೂಪವೂ ತುಸು ಕಂಡಿತು.

ಬೀಟಾ ಎಂಬ ಹೆಸರು ನೋಡಿ ನನಗೆ ಕಣದ ಮೇಲೆ ಅನುಮಾನ ಬಂತು. ಹೊಲದ ಮಣ್ಣಿನ ವರದಿಯಲ್ಲಿ ಅದು ಇರಲಿಲ್ಲ. ಬಿಎಚ್‌ಸಿ ಪುಡಿ ಐದಾರು ರೂಪಗಳ ಬೆರಕೆ. ಹುಳ ಕೊಲ್ಲುವ ಗಾಮಾ ರೂಪ ಅದರಲ್ಲಿ ಶೇಕಡಾ 10ರಿಂದ 15 ಮಾತ್ರ. ಆಲ್ಫಾ, ಗಾಮಾ ಬೇಗ ಹೋಗುತ್ತವೆ, ಬೀಟಾ ಗಟ್ಟಿ ಜೀವ. ಕಣದ ಮಣ್ಣಿನಲ್ಲಿ ಮಾತ್ರ ಬೀಟಾ ಇದ್ದರೆ ಅಲ್ಲಿ ಬಿದ್ದ ಪ್ರಮಾಣವೇ ಬೇರೆ. ಕೇಳಿದಾಗ ದೊಡ್ಡಮ್ಮ ಹೇಳಿದರು: ಈಗಿನ ಕಣದ ಬಡಗಣ ತುದಿಯಲ್ಲಿ ಮೊದಲು ಒಂದು ಮಣ್ಣಿನ ಕೋಣೆ ಇತ್ತು, ಗೊಬ್ಬರ, ಔಷಧಿ, ಕೂರಿಗೆ ಇಡುವುದಕ್ಕೆ. ಮಳೆಗೆ ಗೋಡೆ ಬಿದ್ದ ಮೇಲೆ ನೆಲ ಸಮ ಮಾಡಿ ಕಣಕ್ಕೆ ಸೇರಿಸಿಕೊಂಡರು. "ಮೊದಲ ಮಳೆ ಬಿದ್ದಾಗ ಅಲ್ಲಿ ಈಗಲೂ ಮುಗ್ಗಲು ವಾಸನೆ ಬರುತ್ತದೆ, ತಮ್ಮಾ. ಯಾರಿಗೆ ಹೇಳುವುದು?" ಎಂದರು. ಬಿಎಚ್‌ಸಿಯ ಮುಗ್ಗಲು ವಾಸನೆ ಒಮ್ಮೆ ಮೂಗಿಗೆ ಹತ್ತಿದರೆ ಮರೆಯುವಂಥದ್ದಲ್ಲ. ಇಡೀ ಪ್ರಕರಣದಲ್ಲಿ ಅತ್ಯಂತ ಬೆಲೆಬಾಳುವ ಸುಳಿವು ಕೊಟ್ಟದ್ದು ಈ ಹೆಣ್ಣುಮಗಳು, ಅದುವರೆಗೆ ಆಕೆಯನ್ನು ಯಾರೂ ಕೇಳಿರಲಿಲ್ಲ.

ಆ ತುದಿಯಲ್ಲಿ ಕುಡುಗೋಲಿನಿಂದ ಒಂದು ಗೇಣು ಕೆದಕಿದಾಗ ಕರಿಮಣ್ಣಿನಲ್ಲಿ ಜೋಳದ ಕಾಳಿನಷ್ಟು ದೊಡ್ಡ ಬೂದುಬಿಳಿ ಉಂಡೆಗಳು ಸಿಕ್ಕವು. ಕೈಯಿಂದ ಮುಟ್ಟಬೇಡಿ ಎಂದು ಹೇಳುವಷ್ಟರಲ್ಲಿ ಹುಡುಗ ಒಂದನ್ನು ಹಿಸುಕಿದ್ದ. ಒಳಗೆ ಹಿಟ್ಟಿನಂಥ ಪುಡಿ. ತಕ್ಷಣ ಸಾಬೂನು ಹಚ್ಚಿ ಕೈ ತೊಳೆಸಿದೆವು.

ಹೊಲದ ಮಣ್ಣಿಗೂ ಈ ಮೂಲೆಗೂ ಇರುವ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕು. ಮಾಗುವಿಕೆ ನಡೆಯುವುದು ವಿಷ ಅಣುಅಣುವಾಗಿ ಮಣ್ಣಿನಲ್ಲಿ ಹರಡಿ, ಸಾವಯವ ಪದಾರ್ಥದಲ್ಲಿ ಜಾಗ ಹುಡುಕಿಕೊಂಡಾಗ. ಚೀಲ ಒಡೆದು ಸುರಿದ ಪುಡಿ ಹಾಗಲ್ಲ. ಅದು ಇನ್ನೂ ಪುಡಿಯಾಗಿಯೇ ಇದೆ. ಮಣ್ಣು ಹಿಡಿಯಬಹುದಾದ ಜಾಗವೆಲ್ಲ ತುಂಬಿ, ಮಿಕ್ಕದ್ದು ಹರಳಾಗಿ ಉಳಿದಿದೆ. ಪ್ರತಿ ಮಳೆಗೆ ಅದರಿಂದ ತುಸು ಕರಗುತ್ತದೆ, ಪ್ರತಿ ಗಾಳಿಗೆ ತುಸು ಹಾರುತ್ತದೆ. ನಲವತ್ತು ವರ್ಷ ಕಳೆದರೂ ಅದಕ್ಕೆ ವಯಸ್ಸಾಗಿಲ್ಲ ಎಂದೇ ಹೇಳಬೇಕು. "ಹಳೆಯದು, ಆದ್ದರಿಂದ ಅಪಾಯ ಕಡಿಮೆ" ಎಂಬ ಮಾತು ಹೊಲಕ್ಕೆ ಸಲ್ಲುತ್ತದೆ, ಈ ಮೂಲೆಗೆ ಸಲ್ಲುವುದಿಲ್ಲ.

ಇದನ್ನು ಖಚಿತಪಡಿಸಿಕೊಳ್ಳಲು ಸೌಮ್ಯ ದ್ರಾವಕದ ಪರೀಕ್ಷೆ ಮಾಡಿಸಿದೆವು. ಪಿಷ್ಟದಿಂದ ತಯಾರಿಸುವ ಸೈಕ್ಲೋಡೆಕ್ಸ್‌ಟ್ರಿನ್ ಎಂಬ ಸಕ್ಕರೆಯ ನೀರಿನಲ್ಲಿ ಮಣ್ಣನ್ನು ಕುಲುಕಿದರೆ, ಸಡಿಲವಾಗಿರುವ ಅಣುಗಳು ಮಾತ್ರ ಆ ನೀರಿಗೆ ಬರುತ್ತವೆ. ಗಟ್ಟಿಯಾಗಿ ಹುದುಗಿದವು ಮಣ್ಣಿನಲ್ಲೇ ಉಳಿಯುತ್ತವೆ. ಈ ಬಗೆಯ ಪರೀಕ್ಷೆಗೆ 2020ರಲ್ಲಿ ಐಎಸ್‌ಒ 16751 ಎಂಬ ಅಂತರರಾಷ್ಟ್ರೀಯ ಮಾನಕವೂ ಬಂದಿದೆ. ಹೊಲದ ಮಣ್ಣು ತನ್ನಲ್ಲಿದ್ದದ್ದರಲ್ಲಿ ಅಲ್ಪ ಪಾಲನ್ನು ಬಿಟ್ಟಿತು. ಮೂಲೆಯ ಮಣ್ಣು ಧಾರಾಳವಾಗಿ ಬಿಟ್ಟಿತು. ವ್ಯಾಪಾರಿಗಳಿಗೆ, ಪ್ರಮಾಣಪತ್ರ ಕೊಡುವವರಿಗೆ ಸದ್ಯಕ್ಕೆ ಬೇಕಿರುವುದು ಒಟ್ಟು ಅಂಕಿ ಮಾತ್ರ. ರೈತನಿಗೆ ಬೇಕಿರುವುದು ಈ ಎರಡನೆಯ ಅಂಕಿ. ಮಣ್ಣಿನ ಶೇಷ ಪರೀಕ್ಷೆಯ ಜೊತೆಗೆ ಇದನ್ನೂ ಮಾಡಿಕೊಡುವ ವ್ಯವಸ್ಥೆ ನಮ್ಮ ಕಡೆ ಬಂದರೆ ಎಷ್ಟೋ ಜೆಸಿಬಿಗಳ ಡೀಸೆಲ್ ಉಳಿಯುತ್ತದೆ.

ಬೀಗ ಬಿಚ್ಚುವ ಬಾಯಿಗಳು

ಹೊಲ ಸುರಕ್ಷಿತ ಎಂದು ಹೇಳಿ ಎದ್ದು ಬರಲಾಗಲಿಲ್ಲ. ಮಣ್ಣು ಬಿಗಿಹಿಡಿದದ್ದನ್ನು ಬಿಡಿಸಿಕೊಳ್ಳಬಲ್ಲ ಜೀವಿಗಳೂ ಇವೆ.

ಮೊದಲನೆಯದು ಕುಂಬಳದ ಕುಲ. ಕನೆಕ್ಟಿಕಟ್‌ನಲ್ಲೇ ಜೇಸನ್ ವೈಟ್ ಮತ್ತು ಜೊತೆಗಾರರು ನಡೆಸಿದ ಪ್ರಯೋಗಗಳಲ್ಲಿ, ಝುಕಿನಿಯಂಥ ಕುಂಬಳ ಜಾತಿಯ ಗಿಡಗಳು ದಶಕಗಳ ಹಳೆಯ ಡಿಡಿಇಯನ್ನು ಮಣ್ಣಿನಿಂದ ಎಳೆದು ಕಾಂಡಕ್ಕೆ ಏರಿಸಿಕೊಂಡವು. ಸವತೆ ಅವುಗಳಷ್ಟು ಎಳೆಯಲಿಲ್ಲ. ಬೇರು ಒಸರುವ ಸಿಟ್ರಿಕ್‌ನಂಥ ಸಾವಯವ ಆಮ್ಲಗಳು ಮಣ್ಣಿನ ಕಟ್ಟನ್ನು ಸಡಿಲಿಸುವುದೂ ಇದಕ್ಕೆ ಒಂದು ಕಾರಣವೆಂದು ಅವರು ತೋರಿಸಿದರು. ಜಪಾನಿನಲ್ಲಿ ಡೀಲ್ಡ್ರಿನ್ ನಿಲ್ಲಿಸಿ ದಶಕಗಳಾದ ಮೇಲೂ ಸವತೆಕಾಯಿಯಲ್ಲಿ ಅದು ಸಿಕ್ಕಿ ಗದ್ದಲವಾಗಿತ್ತು. ನಮ್ಮ ಕಡೆ ಮೆಣಸಿನ ಹೊಲದ ಬದುವಿನಲ್ಲಿ, ಅಕ್ಕಡಿ ಸಾಲಿನಲ್ಲಿ ಮನೆಯ ಹೆಂಗಸರು ಹಾಕುವುದು ಇವನ್ನೇ: ಸವತೆ, ಕುಂಬಳ, ಹೀರೆ. ವ್ಯಾಪಾರಿ ಪರೀಕ್ಷಿಸುವುದು ಮಾರುವ ಕಾಯಿಯನ್ನು. ಮನೆಯವರು ಉಣ್ಣುವ ಕಾಯಿಯನ್ನು ಯಾರೂ ಪರೀಕ್ಷಿಸುವುದಿಲ್ಲ. ಆ ಹೊಲದಲ್ಲಿ ಇನ್ನು ಕುಂಬಳ, ಸವತೆ ಬೇಡ, ಹಿತ್ತಲಿಗೆ ಒಯ್ಯಿರಿ ಎಂದೆ. ಅವರೆ, ಅಲಸಂದೆ, ಜೋಳಕ್ಕೆ ಅಡ್ಡಿಯಿಲ್ಲ.

ಎರಡನೆಯದು ಕೋಳಿ. ಕೋಳಿ ಕಾಳಿನ ಜೊತೆ ಮಣ್ಣನ್ನೂ ನುಂಗುತ್ತದೆ. ಅದರ ಕರುಳಿನ ಪಿತ್ತರಸ ಕೊಬ್ಬನ್ನು ಕರಗಿಸುವ ರಸ. ಬರಿಯ ನೀರಿಗೆ ಬಾರದ ಡಿಡಿಇ, ಬೀಟಾ ಬಿಎಚ್‌ಸಿ ಅದಕ್ಕೆ ಬರುತ್ತವೆ, ಮೊಟ್ಟೆಯ ಹಳದಿಗೆ ಸೇರುತ್ತವೆ. ಈ ಮನೆಯ ಕೋಳಿಗಳು ದಿನವಿಡೀ ಕೆದಕುತ್ತಿದ್ದದ್ದು ಕಣದ ಅದೇ ತುದಿಯನ್ನು. ಕೋಳಿಗಳನ್ನು ಸ್ಥಳಾಂತರಿಸುವ ಮಾತಿಗೆ ಮನೆಯಲ್ಲಿ ದೊಡ್ಡ ವಾದವೇ ಆಯಿತು. ಮೆಣಸಿನಕಾಯಿಯ ದರಕ್ಕಿಂತ ಮೊಮ್ಮಕ್ಕಳು ತಿನ್ನುವ ಮೊಟ್ಟೆ ನನಗೆ ಹೆಚ್ಚು ಅವಸರದ ವಿಷಯವಾಗಿ ಕಂಡಿತು, ಹಾಗೆಂದು ಒತ್ತಿ ಹೇಳಿದೆ.

ಮೂರನೆಯದು ನೀರು. ಇಳಿಜಾರಿನಲ್ಲಿ ಕೊಚ್ಚಿ ಹೋಗುವುದು ಹೊಲದ ಅತಿ ಸಣ್ಣ ಕಣಗಳು, ಸಾವಯವ ಇಂಗಾಲ ಹೆಚ್ಚಿರುವಂಥವು. ಶೇಷವೂ ಅವುಗಳ ಬೆನ್ನೇರಿ ಹೋಗುತ್ತದೆ. ಈ ಹೊಲದ ತಗ್ಗಿನಲ್ಲಿ ಕೃಷಿ ಹೊಂಡವಿದೆ, ಅದರಲ್ಲಿ ಮೀನು ಬಿಟ್ಟಿದ್ದಾರೆ.

ಏನು ಮಾಡಿದರು

ಹೊಲದ ಮಣ್ಣನ್ನು ಕೆರೆಸಲಿಲ್ಲ. ತಿಪ್ಪೆ ಗೊಬ್ಬರ ಎಂದಿನಂತೆ ಹೋಗುತ್ತಿದೆ, ಅದರ ಜೊತೆ ಹತ್ತಿಯ ಕಟ್ಟಿಗೆಯ ಇದ್ದಿಲನ್ನು ಪುಡಿಮಾಡಿ ಹಾಕುತ್ತಿದ್ದಾರೆ. ಹಿಡಿಯುವ ಜಾಗ ಹೆಚ್ಚಿದಷ್ಟು ಒಳ್ಳೆಯದು. ಒಡ್ಡು ಒಡೆದಿದ್ದ ಕಡೆ ಕಟ್ಟಿದ್ದಾರೆ. ರೋಟಾವೇಟರ್ ಹೊಡೆದು ಮಣ್ಣನ್ನು ಹಿಟ್ಟು ಮಾಡುವುದನ್ನು ಬಿಡಿಸಿದೆ. ದೂಳು ಎದ್ದರೆ ಕಾಯಿಗೆ ಕೂರುತ್ತದೆ, ಮಳೆ ಬಂದರೆ ಕೊಚ್ಚಿಹೋಗುತ್ತದೆ.

ಕಾಯಿ ಈಗ ಒಣಗುವುದು ತಾಡಪಾಲಿನ ಮೇಲೆ. ಹಿಂದೆ ಸೆಗಣಿ ಸಾರಿಸದೆ ಕಣದಲ್ಲಿ ಏನನ್ನೂ ಹರವುತ್ತಿರಲಿಲ್ಲ ಎಂದು ದೊಡ್ಡಮ್ಮ ನೆನಪಿಸಿದರು. ಸಾರಿಸುವ ಕೆಲಸ ಬಿಟ್ಟ ಮೇಲೆಯೇ ಕಾಯಿ ಬರಿ ಮಣ್ಣಿಗೆ ಬಿದ್ದದ್ದು.

ಮೂಲೆಯ ಬಗ್ಗೆ ಒಮ್ಮತ ಸುಲಭವಾಗಿ ಬರಲಿಲ್ಲ. ಹುಡುಗನಿಗೆ ಅಗೆದು ಬಿಸಾಡುವ ಆಸೆ. ಪುಡಿಯ ಉಂಡೆಗಳಿರುವ ಮಣ್ಣು ಅಪಾಯಕಾರಿ ತ್ಯಾಜ್ಯ. ಅದನ್ನು ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆದ ತಾಣಕ್ಕೇ ಸಾಗಿಸಬೇಕು. ಅದಕ್ಕೆ ಅರ್ಜಿ ಹೋಗಿದೆ. ಅಲ್ಲಿಯವರೆಗೆ ಆ ಜಾಗವನ್ನು ತೇವ ಮಾಡಿ, ದಪ್ಪ ಪ್ಲಾಸ್ಟಿಕ್ ಹಾಸಿ, ಮೇಲೆ ಹೊರಗಿನ ಜಿಗುಟು ಮಣ್ಣು ಬಡಿದು, ಸುತ್ತ ಮುಳ್ಳುಬೇಲಿ ಹಾಕಿದ್ದಾರೆ. ಕಣವನ್ನು ಹೊಲದ ಇನ್ನೊಂದು ತುದಿಗೆ ಸರಿಸಿದ್ದಾರೆ. ಕೋಳಿಗಳು ಮನೆಯ ಹಿತ್ತಲಿನ ಜಾಳಿಗೆಯೊಳಗೆ ಸೇರಿವೆ.

ತಾಡಪಾಲಿನ ಮೇಲೆ ಒಣಗಿದ ಮಾಲು ಪರೀಕ್ಷೆಯಲ್ಲಿ ಪಾಸಾಗಿ ಬೇರೊಬ್ಬ ವ್ಯಾಪಾರಿಗೆ ಹೋಯಿತು. ಕೃಷಿ ಹೊಂಡದ ಹೂಳನ್ನು ಬೇಸಿಗೆಯಲ್ಲಿ ತೆಗೆದು ಹೊಲಕ್ಕೆ ಹರಡುವುದು ಈ ಮನೆಯ ರೂಢಿ. ಈ ಸಲ ಮೊದಲು ಹೂಳಿನ ಮಾದರಿ ಮತ್ತು ಎರಡು ಮೀನು ಪ್ರಯೋಗಾಲಯಕ್ಕೆ ಹೋಗಲಿವೆ. ಫಲಿತಾಂಶ ಬರುವವರೆಗೆ ಹೂಳು ಹೊಂಡದ ದಂಡೆಯ ಮೇಲೆಯೇ ಇರಲಿ, ಮೀನು ನೀರಿನಲ್ಲೇ ಇರಲಿ ಎಂದು ಹೇಳಿ ಬಂದಿದ್ದೇನೆ.